ಲೆವೆಲ್ ಬಿಟ್ಟು ಹೊಳೆ ನೋಡಿದ್ದು

ನಾನು ಕೆಲಸಕ್ಕೆ ಸೇರಿದ್ದು 1991ರಲ್ಲಿ. ರಿಟೈರ್ ಆಗಿದ್ದು 2022ರಲ್ಲಿ. 31 ವರ್ಷವೂ ಹೊಳೆ ದಂಡೆಯಲ್ಲೇ. ಹರಿಹರದ ಆಸುಪಾಸಿನಲ್ಲಿ ತುಂಗಭದ್ರೆಯಿಂದ ನೀರೆತ್ತುವ ಒಂದು ಪಂಪ್‌ಹೌಸ್. ಯಾವುದು ಅಂತ ಹೇಳೋದು ಬೇಡ, ಯಾಕಂದ್ರೆ ಮುಂದೆ ಒಂದೆರಡು ತಪ್ಪೊಪ್ಪಿಗೆ ಇವೆ.

ಅಷ್ಟು ವರ್ಷ ಹೊಳೆ ಪಕ್ಕ ಕೂತವನಿಗೆ ಹೊಳೆ ಚೆನ್ನಾಗಿ ಗೊತ್ತಿರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಗೊತ್ತಿದ್ದದ್ದು ಲೆವೆಲ್ ಮಾತ್ರ. ಜಾಕ್‌ವೆಲ್ ಅಂದ್ರೆ ಮೋಟಾರು ಹೊಳೆ ನೀರೆತ್ತುವ ಬಾವಿ; ಅದರ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಡಿಪಟ್ಟಿ ಇತ್ತು. ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೀರು ಎಲ್ಲಿಗೆ ಮುಟ್ಟಿದೆ ನೋಡೋದು, ಲಾಗ್ ಬುಕ್ಕಿನಲ್ಲಿ ಬರೆಯೋದು. ಮಳೆಗಾಲದಲ್ಲಿ ಏರಿತು, ಬೇಸಿಗೆಯಲ್ಲಿ ಇಳಿಯಿತು. ಏಪ್ರಿಲ್ ಬಂತು ಅಂದ್ರೆ ಭದ್ರಾ ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟರಾ, ಹೊನ್ನಾಳಿ ದಾಟಿತಾ ಅಂತ ಫೋನ್ ಮೇಲೆ ಫೋನ್. ನೀರು ಬಂದರೆ ಮೋಟಾರು, ಇಲ್ಲದಿದ್ದರೆ ದಾವಣಗೆರೆಯಲ್ಲಿ ಕೊಡಗಳ ಸಾಲು. ಹೊಳೆ ಅಂದ್ರೆ ಇಷ್ಟೇ ಲೆಕ್ಕ.

ಲಾಗ್ ಬುಕ್ಕಿನ ಕೊನೇ ಕಾಲಂ ‘ಷರಾ’. ಅಲ್ಲಿ ನಾವು ಬರೆಯುತ್ತಿದ್ದದ್ದು ‘ಕರೆಂಟ್ ಹೋಗಿದೆ’, ‘ಜಾಲರಿಯಲ್ಲಿ ಕಸ’, ‘ಅಂತರಗಂಗೆ ಸಿಕ್ಕಿದೆ’, ಅಷ್ಟೇ. ಮೇಲಿನ ಸ್ನಾನಘಟ್ಟಗಳಲ್ಲಿ ಜನ ಬಿಟ್ಟು ಹೋದ ಸೀರೆ, ಪಂಚೆ ತೇಲಿ ಬಂದು ಜಾಲರಿಗೆ ಸುತ್ತಿಕೊಂಡರೆ ಅದಕ್ಕೂ ‘ಕಸ’ ಅಂತಲೇ. ಸೇರಿದ ಮೊದಲ ವರ್ಷ ಮಾತ್ರ ಒಂದು ರಾತ್ರಿ ನಾನು ಬೇರೆ ಏನೋ ಬರೆದುಬಿಟ್ಟೆ. ‘ರಾತ್ರಿ 2ಕ್ಕೆ ಹೊಳೆ ಕಡೆಯಿಂದ ಶಿಳ್ಳೆ ಶಬ್ದ. ನಾಲ್ಕೈದು ಸಲ.’ ಯಾರೋ ಹುಡುಗರು ಮರಳಿನ ಮೇಲೆ ಕೂತು ಶಿಳ್ಳೆ ಹೊಡೀತಿದ್ದಾರೆ ಅಂದುಕೊಂಡು ಟಾರ್ಚ್ ಬಿಟ್ಟರೆ ಯಾರೂ ಇಲ್ಲ. ಜೊತೆಗಿದ್ದವನು ಕಂಬಳಿ ತಲೆಗೆ ಎಳೆದುಕೊಂಡು ಮಲಗಿದ. ಬೆಳಿಗ್ಗೆ ಮೇಲಿನವರು ಬಂದು ಓದಿ, ‘ದೆವ್ವ ಭೂತ ಎಲ್ಲಾ ಸರ್ಕಾರಿ ಪುಸ್ತಕದಲ್ಲಿ ಬರೀಬೇಡ್ರಿ’ ಅಂತ ಚೆನ್ನಾಗಿ ಬೈದರು. ಆಮೇಲೆ ನಾನು ಬರೆಯಲಿಲ್ಲ. ಶಿಳ್ಳೆ ಕೆಲವು ವರ್ಷ ಕೇಳಿಸುತ್ತಿತ್ತು. ಯಾವಾಗ ನಿಂತಿತೋ ಗಮನಿಸಲಿಲ್ಲ.

ಆ ಶಿಳ್ಳೆ ಯಾರದು ಅಂತ ಗೊತ್ತಾಗಿದ್ದು ಈ ಜನವರಿಯಲ್ಲಿ. ಅದೂ ದಾವಣಗೆರೆಯಿಂದ ದೂರ, ಆನೆಗೊಂದಿಯಲ್ಲಿ.

ಮಗಳನ್ನು ಗಂಗಾವತಿಗೆ ಕೊಟ್ಟಿದ್ದೇವೆ. ಸಂಕ್ರಾಂತಿ ಮುಗಿಸಿಕೊಂಡು ಹರಪನಹಳ್ಳಿ ಮೇಲಿನ ಬಸ್ಸಿಗೆ ಹೊಸಪೇಟೆ, ಅಲ್ಲಿಂದ ಗಂಗಾವತಿ. ಅಳಿಯನಿಗೆ ಭತ್ತದ ಗದ್ದೆ. ಮೊಮ್ಮಗಳು ನಾಲ್ಕನೇ ಕ್ಲಾಸು. ಹೋದ ಮರುದಿನವೇ ಅವಳು, ‘ಅಜ್ಜ, ನಿಂಗೆ ನೀರುನಾಯಿ ತೋರಿಸ್ತೀನಿ, ನಮ್ಮ ಸ್ಕೂಲಿಂದ ಕರ್ಕೊಂಡು ಹೋಗಿದ್ರು’ ಅಂದಳು. ನೀರುನಾಯಿ ಅಂದ್ರೆ ನನಗೆ ಹೊಸದೇನಲ್ಲ. ಬಲೆ ಹರಿಯುವ ಪೀಡೆ ಅಂತ ನಮ್ಮ ಕಡೆ ಮೀನುಗಾರರು ಬೈಯೋದು ಕೇಳಿದ್ದೆ. ಕಣ್ಣಾರೆ ನೋಡಿರಲಿಲ್ಲ.

ತುಂಗಭದ್ರಾ ಡ್ಯಾಮಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ‘ನೀರುನಾಯಿ ಸಂರಕ್ಷಣಾ ಮೀಸಲು’ ಅಂತ ಮಾಡಿದೆ. ನೀರುನಾಯಿಗೆ ಅಂತಲೇ ಮಾಡಿದ್ದು ದೇಶದಲ್ಲಿ ಇದೇ ಮೊದಲು. ನಾನು ಬೇಲಿ, ಗೇಟು, ಟಿಕೆಟ್ ಕೌಂಟರ್ ಎಲ್ಲಾ ಇರುತ್ತೆ ಅಂದುಕೊಂಡಿದ್ದೆ. ಏನೂ ಇಲ್ಲ. ಒಂದು ಕಡೆ ಹಂಪಿ, ಇನ್ನೊಂದು ಕಡೆ ಆನೆಗೊಂದಿ. ಬಾಳೆತೋಟ, ಭತ್ತದ ಗದ್ದೆ, ಗುಡಿ, ಬಟ್ಟೆ ಒಗೆಯುವ ಹೆಂಗಸರು, ಅಂಜನಾದ್ರಿಗೆ ಹೋಗುವವರ ಬಸ್ಸುಗಳು. ಇವೆಲ್ಲದರ ನಡುವೆಯೇ ಮೀಸಲು. ಇದು ಅಭಯಾರಣ್ಯ ಅಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಈ ‘ಸಂರಕ್ಷಣಾ ಮೀಸಲು’ ಅನ್ನೋ ಬಗೆಯನ್ನು ಸೇರಿಸಿದರು. ಜನ ಇರುವ ಕಡೆ ಜನರನ್ನು ಎಬ್ಬಿಸದೆ ಪ್ರಾಣಿಯನ್ನೂ ಉಳಿಸಿಕೊಳ್ಳೋಕೆ ಒಂದು ದಾರಿ. ನನಗೆ ಈ ಲೆಕ್ಕ ಹಿಡಿಸಿತು.

ಬೆಳಿಗ್ಗೆ ಆರಕ್ಕೆ ಅಳಿಯನ ಬೈಕಿನಲ್ಲಿ ಮೂವರು. ದಂಡೆಯಲ್ಲಿ ತೆಪ್ಪದವರು ಒಬ್ಬರು ಕಾಯುತ್ತಿದ್ದರು, ನನ್ನ ವಯಸ್ಸಿನವರೇ. ತೆಪ್ಪಕ್ಕೆ ಈಗ ಚರ್ಮ ಕಟ್ಟೋದಿಲ್ಲ, ಪ್ಲಾಸ್ಟಿಕ್ ಹಾಳೆ ಹೊದೆಸಿ ಡಾಂಬರು ಬಳಿಯುತ್ತಾರೆ. ಹತ್ತಿ ಕೂತ ಕೂಡಲೇ ನಾನು ಅಭ್ಯಾಸಬಲದಿಂದ ಕೇಳಿದೆ: ‘ಇಲ್ಲಿ ಎಷ್ಟು ಅಡಿ ನೀರು ಇದೆ?’

ಅವರು ನಕ್ಕರು. ‘ಎಲ್ಲಿ ಅಂತ ಕೇಳ್ತೀರಿ ಯಜಮಾನ್ರ? ಈ ಬಂಡಿ ಹತ್ರ ಮೊಣಕಾಲು. ಆ ಬಂಡಿ ದಾಟಿದ್ರ ಆನಿ ಮುಳುಗ್ತತಿ.’

ನನಗೆ ಮುಖಕ್ಕೆ ನೀರು ಎರಚಿದ ಹಾಗಾಯಿತು. 31 ವರ್ಷ ಒಂದು ಗೋಡೆಯ ಮೇಲಿನ ಒಂದು ಅಂಕಿಯನ್ನು ನಾನು ‘ಹೊಳೆ’ ಅಂತ ಬರೆದುಕೊಂಡಿದ್ದೆ.

ಅಲ್ಲಿನ ಹೊಳೆ ಒಂದು ಹೊಳೆಯಲ್ಲ. ಬಂಡೆಗಳ ನಡುವೆ ಹತ್ತಾರು ಸೀಳಾಗಿ ಹರಿಯುತ್ತದೆ. ಒಂದು ಸೀಳಿನಲ್ಲಿ ನೊರೆ ಎದ್ದು ಓಡುವ ನೀರು, ಪಕ್ಕದಲ್ಲೇ ಕನ್ನಡಿಯ ಹಾಗೆ ನಿಂತ ಮಡು. ವಿಜಯನಗರದ ಕಾಲದಲ್ಲಿ ಕಾಲುವೆಗೆ ನೀರು ತಿರುಗಿಸೋಕೆ ಕಟ್ಟಿದ ಕಲ್ಲಿನ ಒಡ್ಡುಗಳು ಇನ್ನೂ ಕೆಲಸ ಮಾಡುತ್ತಿವೆ, ತುರ್ತು ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಮೋಟಾರು, ಪ್ಯಾನೆಲ್ ಬೋರ್ಡ್ ಏನೂ ಇಲ್ಲದೆ! ಪಂಪ್‌ಹೌಸಿನವನಿಗೆ ಅದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚು. ಒಡ್ಡಿನ ಹಿಂದೆ ನೀರು ನಿಂತು ಮಡು ಆಗಿದೆ, ಮಡುವಿನಲ್ಲಿ ಬಾಳೆಮೀನು. ಮುಂದೆ ನೀರು ಕಲ್ಲಿಗೆ ಬಡಿದು ಗಾಳಿ ತುಂಬಿಕೊಂಡು ಓಡುತ್ತದೆ, ಅಲ್ಲಿಯದೇ ಬೇರೆ ಮೀನು. ಬೇಸಿಗೆಯಲ್ಲಿ ಹೊಳೆ ಬಡವಾದಾಗ ಈ ಬಂಡೆಗುಂಡಿಗಳಲ್ಲಿ ನೀರು ಉಳಿಯುತ್ತದೆ. ಮೀನೆಲ್ಲಾ ಅಲ್ಲೇ ಸೇರುತ್ತವೆ. ಅವುಗಳ ಹಿಂದೆ ಮೊಸಳೆ, ನೀರುಕಾಗೆ, ನೀರುನಾಯಿ ಎಲ್ಲಾ.

ಬಂಡೆ ಮೇಲೆ ಒಂದು ಕಡೆ ಸುಣ್ಣ ಸುರಿದ ಹಾಗೆ ಬಿಳಿ ಗೆರೆ. ತೆಪ್ಪದವರು ಹುಟ್ಟಿನಿಂದ ತೋರಿಸಿದರು. ಸಂದಿನಲ್ಲಿ ಕೊಂಬಿನ ಗೂಬೆ, ಕಿತ್ತಳೆ ಕಣ್ಣು ಅರ್ಧ ಮುಚ್ಚಿಕೊಂಡು ನಮ್ಮನ್ನೇ ನೋಡುತ್ತಿತ್ತು. ಮೊಮ್ಮಗಳು ಅದಕ್ಕೆ ಕೈ ಬೀಸಿದಳು.

ಆಮೇಲೆ ಆಪಿನ ಹಿಂಡು, ಅಂದ್ರೆ ನೀರಂಚಿನ ಜೊಂಡುಹುಲ್ಲು. ಆಳೆತ್ತರ ಬೆಳೆದ ಆಪು, ಅದರ ಮೇಲೆ ಬಾಗಿದ ಜಾಲಿಯಲ್ಲಿ ಹೋದ ಮಳೆಗಾಲದ ಗೀಜಗನ ಗೂಡುಗಳು ಒಣಗಿ ಜೋತಾಡುತ್ತಿದ್ದವು. ನೀರುನಾಯಿ ಮರಿಗಳನ್ನು ಇಟ್ಟುಕೊಂಡು ಅಡಗೋದು ಇಂಥಲ್ಲೇ ಅಂತೆ. ಅಳಿಯ ಸಣ್ಣ ದನಿಯಲ್ಲಿ, ‘ಮಾವ, ಗದ್ದೆ ಜಾಸ್ತಿ ಮಾಡ್ಕೊಳ್ಳೋಕೆ ನಮ್ಮೋರೇ ಇದಕ್ಕೆ ಬೆಂಕಿ ಇಡ್ತಾರೆ’ ಅಂದ. ಅವನ ಗದ್ದೆ ಹೊಳೆಯಿಂದ ದೂರ ಇದೆ, ಅದಕ್ಕೇ ಧೈರ್ಯವಾಗಿ ಹೇಳಿದ ಅನ್ಸುತ್ತೆ.

ಮರಳಿನ ದಿಬ್ಬಕ್ಕೆ ಎದುರಾಗಿ ಒಂದು ಬಂಡೆಯ ಮರೆಯಲ್ಲಿ ತೆಪ್ಪ ನಿಲ್ಲಿಸಿ ಕೂತೆವು. ಅರ್ಧ ಗಂಟೆ ಏನೂ ಇಲ್ಲ. ನನಗೆ ಹಸಿವು. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಖಾರ ಮಂಡಕ್ಕಿ ಪ್ಯಾಕೆಟ್ ತೆಗೆದೆ. ದಾವಣಗೆರೆಯವರು ಎಲ್ಲಿಗೆ ಹೋದರೂ ಅಷ್ಟೇ ಬಿಡಿ. ಪ್ಲಾಸ್ಟಿಕ್ ಪರಪರ ಅಂತು. ಅದೇ ಕ್ಷಣ ಬಂಡೆ ಹಿಂದೆ ‘ಬುಳುಕ್’ ಅಂತ ಏನೋ ನೀರಿಗೆ ಬಿತ್ತು. ತೆಪ್ಪದವರು ಹಣೆ ಚಚ್ಚಿಕೊಂಡರು. ಮೊಮ್ಮಗಳು ನನ್ನ ಕೈಯಿಂದ ಪ್ಯಾಕೆಟ್ ಕಿತ್ತುಕೊಂಡು ಅದರ ಮೇಲೆ ಕೂತುಬಿಟ್ಟಳು.

ಮತ್ತೆ ಕಾಯೋದು. ಆಗ ಕೇಳಿಸಿತು. ಶಿಳ್ಳೆ.

ಸಣ್ಣದು, ಚೂಪು, ಕೊನೆಯಲ್ಲಿ ಸ್ವಲ್ಪ ಎಳೆದ ಹಾಗೆ. ಒಂದು ಕಡೆಯಿಂದ ಒಂದು, ಉತ್ತರವಾಗಿ ಇನ್ನೊಂದು ಕಡೆಯಿಂದ. ನನ್ನ ಮೈಯೆಲ್ಲಾ ಜುಮ್ ಅಂತು. 1991ರ ಆ ರಾತ್ರಿ, ಟಾರ್ಚು, ಕಂಬಳಿ ಹೊದ್ದ ಜೊತೆಗಾರ, ಎಲ್ಲಾ ಒಟ್ಟಿಗೆ ಬಂದವು. ‘ಇದೇ, ಇದೇ ದೆವ್ವ’ ಅಂದೆ. ಅಳಿಯ ನನ್ನ ಮುಖ ನೋಡಿದ.

ಮೊದಲು ನೀರಿನ ಮೇಲೆ ಚಪ್ಪಟೆ ತಲೆಗಳು. ಮೂರು, ಐದು, ಆರು. ಅಗಲವಾಗಿ ಸಾಲು ಹರಡಿಕೊಂಡು ಮೀನನ್ನು ದಂಡೆ ಕಡೆಗೆ ಅಟ್ಟಿಕೊಂಡು ಬಂದವು, ನಮ್ಮ ಕಡೆ ಬಲೆ ಎಳೆಯುವವರು ಬರುವ ಹಾಗೆಯೇ. ದೊಡ್ಡದೊಂದು ಮರಳಿಗೆ ಹತ್ತಿತು. ನನ್ನಿಂದ ಇಪ್ಪತ್ತು ಮಾರು ಇರಬಹುದು. ಮೈ ಎಣ್ಣೆ ಹಚ್ಚಿದ ಹಾಗೆ ನುಣುಪು, ಬಾಲ ಬುಡದಲ್ಲಿ ದಪ್ಪ, ತುದಿಗೆ ಚಪ್ಪಟೆ. ಕಾಲ್ಬೆರಳ ನಡುವೆ ಬಾತುಕೋಳಿಗೆ ಇರುವ ಹಾಗೆ ಚರ್ಮ. ಮುಂಗಾಲಿನಲ್ಲಿ ಒಂದು ಜಿಲೇಬಿ ಮೀನನ್ನು, ಮಗು ಕಬ್ಬಿನ ಜಲ್ಲೆ ಹಿಡಿದ ಹಾಗೆ, ಎರಡೂ ಕೈಯಲ್ಲಿ ಹಿಡಿದು ತಲೆಯಿಂದ ಶುರು ಮಾಡಿತು. ಕಟಕಟ ಅಂತ ಎಲುಬು ಮುರಿಯುವ ಸದ್ದು ನಮಗೆ ಕೇಳಿಸುತ್ತಿತ್ತು. ತಿನ್ನುವಾಗ ಕಣ್ಣು ಮುಚ್ಚುತ್ತಿತ್ತು. ಮುಗಿದ ಮೇಲೆ ಬಿಸಿಲು ಕಾದ ಮರಳಿನಲ್ಲಿ ಅಂಗಾತ ಬಿದ್ದು ಬೆನ್ನು ಉಜ್ಜಿತು, ಹೊರಳಿತು, ಎದ್ದು ಮೈ ಒದರಿತು, ಮತ್ತೆ ಹೊರಳಿತು. ಮರಿಗಳೆರಡು ಅದರ ಬಾಲ ಕಚ್ಚಿ ಎಳೆಯುತ್ತಿದ್ದವು.

‘ಮರಳಾಗ ಉಳ್ಳಾಡಿದ್ರ ಮೈ ಒಣಗ್ತತಿ ನೋಡ್ರಿ’ ಅಂದರು ತೆಪ್ಪದವರು. ‘ಮರಳಿಲ್ದ ಕಡಿ ಇವು ನಿಲ್ಲಂಗಿಲ್ಲ.’

ನಾನು ಆ ಮಾತು ಹಿಡಿದುಕೊಂಡು ಅವರನ್ನು ಬಿಡಲೇ ಇಲ್ಲ. ಕೇಳುತ್ತಾ ಹೋದ ಹಾಗೆ ಒಂದೊಂದೇ ಬಿಚ್ಚಿಕೊಂಡಿತು. ಹೊಟ್ಟೆಗೆ ಮಡು. ಮನೆಗೆ ಬಂಡೆಸಂದು, ಇಲ್ಲಾ ಹೊಳೆಮತ್ತಿ ಮರದ ಬೇರಿನ ಪೊಟರೆ. ಅಡಗೋಕೆ ಆಪು. ಮೈ ಒಣಗಿಸೋಕೆ, ಮರಿ ಆಡಿಸೋಕೆ ಮರಳು. ನಾಲ್ಕೂ ಒಂದರ ಪಕ್ಕ ಒಂದು ಇರಬೇಕು. ನೀರು ಎಷ್ಟೇ ಇದ್ದರೂ ಒಂದು ಕಮ್ಮಿಯಾದರೆ ನೀರುನಾಯಿ ಊರು ಬಿಡುತ್ತದಂತೆ. ಮರಳೊಂದನ್ನೇ ತೆಗೆದುಕೊಳ್ಳಿ, ಎಷ್ಟು ಜನಕ್ಕೆ ಬೇಕು ಅದು! ಬೇಸಿಗೆಯಲ್ಲಿ ರೀವ ಹಕ್ಕಿ ಮರಳಿನಲ್ಲಿ ಅಂಗೈ ಅಗಲದ ಗುಂಡಿ ಮಾಡಿ ಅಲ್ಲೇ ಮೊಟ್ಟೆ ಇಡುತ್ತದೆ, ಗೂಡು ಗೀಡು ಏನಿಲ್ಲ. ಮೊಸಳೆ ಮರಳು ತೋಡಿ ಮೊಟ್ಟೆ ಹೂಳುತ್ತದೆ. ಆ ಮರಳಿನ ಬಿಸಿಯ ಮೇಲೆ ಮರಿ ಹೆಣ್ಣೋ ಗಂಡೋ ಅಂತ ತೀರ್ಮಾನ ಆಗುತ್ತದಂತೆ. ಮೆತ್ತನೆ ಚಿಪ್ಪಿನ ಆಮೆಯೂ ದಂಡೆಗೆ ಹತ್ತಿಯೇ ಮೊಟ್ಟೆ ಇಡಬೇಕು. ಹಕ್ಕಿಯದೂ ಮೊಸಳೆಯದೂ ಬೇಸಿಗೆಯ ಕೆಲಸ. ಆಗ ಮೇಲಿನಿಂದ ಒಮ್ಮೆಲೇ ನೀರು ಬಿಟ್ಟರೆ? ಅಡಿಪಟ್ಟಿಯಲ್ಲಿ ಒಂದಡಿ ಏರಿದರೆ ನಾವು ಖುಷಿಯಿಂದ ಎರಡನೇ ಮೋಟಾರು ಹಾಕುತ್ತಿದ್ದೆವು. ಆ ಒಂದಡಿಯಲ್ಲಿ ಎಷ್ಟು ಮೊಟ್ಟೆ ಮುಳುಗುತ್ತಿದ್ದವೋ.

ಗೇಟಿನ ಮಾತು ಬಂದಾಗ 2024ರ ಆಗಸ್ಟ್ 10ರ ರಾತ್ರಿ ನೆನಪಾಯಿತು. ಸರಪಳಿ ತುಂಡಾಗಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದ ರಾತ್ರಿ. ಆ ವಾರವೆಲ್ಲಾ ನಾನು ಮನೆಯಲ್ಲಿ ಟಿವಿ ಮುಂದಿನಿಂದ ಏಳಲಿಲ್ಲ. ಡ್ಯಾಮ್ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲಿಗೆ ತಾತ್ಕಾಲಿಕವಾಗಿ ಹಾಕುವ ಉಕ್ಕಿನ ಅಡ್ಡಹಲಗೆ) ಇಳಿಸಿ ಕೂರಿಸಿದಾಗ ಒಬ್ಬನೇ ಚಪ್ಪಾಳೆ ತಟ್ಟಿದ್ದೆ, ಹೆಂಡತಿ ಅಡುಗೆಮನೆಯಿಂದ ಓಡಿ ಬಂದಿದ್ದಳು. ಡ್ಯಾಮಿನ ಕೆಳಗೆ ಈ ಆರು ತಲೆಗಳು ಎಲ್ಲಿ ಹೋಗಿದ್ದವು ಅಂತ ಆಗ ತಲೆಗೇ ಬಂದಿರಲಿಲ್ಲ. ತೆಪ್ಪದವರನ್ನು ಕೇಳಿದೆ. ‘ನಾವೇ ಹೊಳಿಗೆ ಇಳಿಲಿಲ್ರಿ, ಅವನ್ನ ಯಾರು ನೋಡ್ಯಾರ’ ಅಂದರು.

ಈಗ ತಪ್ಪೊಪ್ಪಿಗೆ. ನಮ್ಮ ಪಂಪ್‌ಹೌಸ್ ಎದುರಿಗೆ, ನಾನು ಸೇರಿದಾಗ, ದೊಡ್ಡ ಮರಳಿನ ದಿಬ್ಬ ಇತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆಗೆ ಅಡ್ಡ ಮರಳಿನ ಚೀಲ ಜೋಡಿಸಿ ಜಾಕ್‌ವೆಲ್ ಕಡೆ ನೀರು ತಿರುಗಿಸುತ್ತಿದ್ದೆವು. ಆ ಚೀಲ ತುಂಬಿದ್ದು ಅದೇ ದಿಬ್ಬದಿಂದ. ಪ್ರತಿ ವರ್ಷ. ಮಳೆ ಬಂದು ಚೀಲ ಕೊಚ್ಚಿಹೋದರೆ ಮರುವರ್ಷ ಮತ್ತೆ. ನಾನೇ ನಿಂತು ಎಣಿಸಿ ತುಂಬಿಸಿದ್ದೇನೆ. ಆಮೇಲೆ ಲಾರಿಗಳು ಬಂದವು, ರಾತ್ರಿ ಹೊತ್ತು ಲೈಟ್ ಆರಿಸಿಕೊಂಡು. ಲಾರಿಗಳ ಮುಂದೆ ನಮ್ಮ ಚೀಲ ಯಾವ ಲೆಕ್ಕ ಅಂತ ನೀವು ಅನ್ನಬಹುದು, ನಾನೂ ಹಾಗೇ ಸಮಾಧಾನ ಹೇಳಿಕೊಳ್ಳುತ್ತೇನೆ. ಈಗ ಅಲ್ಲಿ ದಿಬ್ಬ ಇಲ್ಲ. ಗುಂಡಿಗಳು, ಜೇಡಿ, ಅದರ ಮೇಲೆ ಬಳ್ಳಾರಿ ಜಾಲಿ.

ಇನ್ನೊಂದು. ಜಿಲೆಟಿನ್ ಕಡ್ಡಿ ಸಿಡಿಸಿ ಮೀನು ಹಿಡಿಯುತ್ತಿದ್ದವರು ನಮ್ಮ ಕಡೆಯೂ ಇದ್ದರು. ‘ಡಮ್’ ಅಂತ ಒಂದು ಸದ್ದು, ಆಮೇಲೆ ಬಿಳಿ ಹೊಟ್ಟೆ ಮೇಲಾಗಿ ಮೀನು ತೇಲುತ್ತಿದ್ದವು. ಬೆರಳುದ್ದದ ಮರಿಗಳೂ. ಅದರಲ್ಲಿ ದೊಡ್ಡದು ಎರಡು ನಮ್ಮ ಪಂಪ್‌ಹೌಸಿಗೆ ಬರುತ್ತಿತ್ತು, ಬಾಯಿ ಮುಚ್ಚಿಕೊಂಡಿರೋಕೆ. ಸ್ಟೌ ಮೇಲೆ ಹುಣಸೆಹುಳಿ ಹಾಕಿ ಸಾರು ಮಾಡುತ್ತಿದ್ದೆವು. ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಹೇಳೋದಿಲ್ಲ. ಮೀಸಲಿನಲ್ಲೂ ಮೊದಲು ಇದೇ ಕಾಟವಂತೆ, ಮರಳು ಮತ್ತು ಮದ್ದು. ಬೋರ್ಡು ಹಾಕಿದ ಮೇಲೆ ಪೂರ್ತಿ ನಿಂತಿದೆಯಾ ಅಂತ ಕೇಳಿದರೆ ತೆಪ್ಪದವರು ಹುಟ್ಟು ಹಾಕುತ್ತಾ ಬೇರೆ ಮಾತು ತೆಗೆದರು.

ವಾಪಸ್ ಬರುವಾಗ ಒಂದು ಬಂಡೆಯ ಮೇಲೆ ಇಳಿಸಿ ಒಂದು ಗುರುತು ತೋರಿಸಿದರು. ಕಪ್ಪಗೆ, ಅಂಟಂಟಾಗಿ ಬಳಿದ ಹಾಗಿತ್ತು. ಬಗ್ಗಿ ನೋಡಿದರೆ ಒಳಗೆಲ್ಲಾ ಮೀನಿನ ಹುರುಪೆ, ಮಿಣಮಿಣ ಹೊಳೆಯುತ್ತಿದ್ದವು, ಜೊತೆಗೆ ಏಡಿಯ ಚಿಪ್ಪಿನ ಕೆಂಪು ಚೂರು. ನೀರುನಾಯಿಯ ಹಿಕ್ಕೆ. ಒಂದೇ ಬಂಡೆಗೆ ಮತ್ತೆ ಮತ್ತೆ ಬಂದು ಹಾಕುತ್ತವೆ, ಇದು ನಮ್ಮ ಜಾಗ ಅಂತ. ‘ಮೂಸಿ ನೋಡ್ರಿ’ ಅಂದರು. ಮೂಸಿದೆ. ಒಣಮೀನಿನ ಸಂತೆ. ಮೊಮ್ಮಗಳು ಮೂಗು ಮುಚ್ಚಿಕೊಂಡು, ‘ಅಜ್ಜ ಅದನ್ನ ಮೂಸಿದ್ರು’ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದಳು. ಮಗಳು, ‘ಅಪ್ಪಾಜಿ, ಸ್ನಾನ ಮಾಡಿ ಒಳಗೆ ಬರ್ರಿ’ ಅಂದಳು.

ಊರಿಗೆ ಬಂದು ವಾರವಾದ ಮೇಲೆ ಸುಮ್ನೆ ಪಂಪ್‌ಹೌಸಿಗೆ ಹೋದೆ. ನನ್ನ ಜಾಗಕ್ಕೆ ಬಂದ ಹುಡುಗ ಚಹಾ ತರಿಸಿದ. ಅದೇ ಹೊಳೆ ತಾನೆ? ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಸೇರಿ, ಹೊನ್ನಾಳಿ ದಾಟಿ, ಹರಿಹರೇಶ್ವರನ ಗುಡಿ ಪಕ್ಕ ಹಾದು, ಡ್ಯಾಮಿನಲ್ಲಿ ನಿಂತು, ಆಮೇಲೆ ಆ ಬಂಡೆಗಳ ನಡುವೆ ಹೋಗೋದು. ಇಲ್ಲಿ ಬೋರ್ಡ್ ಇಲ್ಲ ಅಷ್ಟೇ. ಈ ಸಲ ಅಡಿಪಟ್ಟಿ ಕಡೆ ನೋಡದೆ ದಂಡೆಯುದ್ದಕ್ಕೂ ನಡೆದೆ. ಎದುರು ದಂಡೆಯಲ್ಲಿ ಸ್ವಲ್ಪ ಆಪು ಇದೆ. ಒಂದು ಹೊಳೆಮತ್ತಿ, ಬೇರು ಅರ್ಧ ನೀರಿನಲ್ಲಿ. ಕೆಳಗಡೆ ಒಂದು ಮಡು, ಅದರ ಮೇಲೆ ಕಪ್ಪು ಬಿಳಿ ಮಿಂಚುಳ್ಳಿಯೊಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿತ್ತು. ಮರಳು ಮಾತ್ರ ಒಂದು ಹಾಸಿಗೆಯಷ್ಟು ಅಗಲ, ತಿರುವಿನಲ್ಲಿ.

ಜಾಕ್‌ವೆಲ್ ಕೆಳಗಿನ ಕಾಂಕ್ರೀಟ್ ಕಟ್ಟೆಗೆ ಇಳಿದೆ. ಮೂಲೆಯಲ್ಲಿ ಕಪ್ಪಗೆ ಒಂದು ಬಳಿದ ಗುರುತು, ಒಣಗಿತ್ತು. ಕಡ್ಡಿಯಿಂದ ಕೆದಕಿದೆ. ಹುರುಪೆ. ಬಗ್ಗಿ ಮೂಸಿದೆ.

‘ಅಯ್ಯೋ ಕಾಕಾ, ಏನ್ ಮಾಡ್ತಿದೀರಿ!’ ಹುಡುಗ ಮೇಲಿನಿಂದ ಕೂಗಿದ. ‘ಅದು ಬೆಕ್ಕಿಂದು. ವಾರಕ್ಕೊಂದ್ಸಲ ನಾವೇ ನೀರು ಹಾಕಿ ತೊಳಿತೀವಿ.’

‘ವಾರಕ್ಕೊಂದ್ಸಲ ಬರ್ತಿದೆಯಾ?’

‘ಹೂಂ. ಅದೇ ಜಾಗಕ್ಕೆ.’

ಬೆಕ್ಕು ಮಣ್ಣು ಕೆದರಿ ಮುಚ್ಚುತ್ತದೆ, ಹೀಗೆ ಕಟ್ಟೆ ಮೇಲೆ ಪ್ರದರ್ಶನಕ್ಕೆ ಇಡೋದಿಲ್ಲ ಅಂತ ವಾದ ಮಾಡಿದೆ. ಇಲ್ಲಿ ಮಣ್ಣೆಲ್ಲಿದೆ ಕಾಕಾ, ಪೂರ್ತಿ ಕಾಂಕ್ರೀಟು ಅಂದ ಅವನು. ಅದೂ ಸರಿಯೇ. ರಾತ್ರಿ ಶಿಳ್ಳೆ ಕೇಳಿಸುತ್ತಾ ಅಂದೆ. ರಾತ್ರಿ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡಿರ್ತೀನಿ ಅಂದ. ತೊಳೀಬೇಡ, ಒಂದು ತಿಂಗಳು ಹಾಗೇ ಬಿಡು ಅಂತ ಬೇಡಿಕೊಂಡೆ. ‘ಸಾಹೇಬ್ರು ಬಂದು ಗಲೀಜು ಅಂದ್ರೆ ನೀವೇ ಉತ್ತರ ಹೇಳ್ರಿ’ ಅಂದ. ಆಯ್ತು, ಲಾಗ್ ಬುಕ್ಕಿನಲ್ಲಿ ಬರೆದಿಡು, ನನ್ನ ಹೆಸರಲ್ಲೇ ಬರಿ ಅಂದೆ.

ಪುಸ್ತಕ ಅದೇ ಥರದ್ದು, ಅದೇ ಕಾಲಂಗಳು. ಅವನು ಪೆನ್ನು ತೆಗೆದು, ಸ್ವಲ್ಪ ಯೋಚಿಸಿ, ಷರಾ ಕಾಲಂನಲ್ಲಿ ಸಣ್ಣಕ್ಷರದಲ್ಲಿ ಬರೆದ: ‘ಕಟ್ಟೆ ಮೇಲೆ ಬೆಕ್ಕಿನ ಹಿಕ್ಕೆ. ಕಾಕಾ ಪ್ರಕಾರ ನೀರುನಾಯಿದು. ತೊಳೆದಿಲ್ಲ.’